ಬೆಣ್ಣೆಗೆ ಬೇಕಿದ್ದಿದ್ದು ಹುಲ್ಲು

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಬಾಲ್ಕನಿಗೆ ಹೋಗಿ ಹಿಕ್ಕೆ ನೋಡುವುದು. ಹಾಲು ಕಾಯಿಸುವುದಕ್ಕೂ ಮುಂಚೆ, ಮೊಬೈಲ್ ಕೈಗೆ ತಗೊಳ್ಳುವುದಕ್ಕೂ ಮುಂಚೆ. ಎಲ್ಲವನ್ನೂ ಕಸದ ಮೊರಕ್ಕೆ ಗುಡಿಸಿಕೊಂಡು, ಒಂದೆರಡನ್ನು ಬೆರಳಲ್ಲಿ ಒತ್ತುತ್ತೇನೆ. ಕಡಲೆಕಾಳಿನಷ್ಟು ದಪ್ಪ ಇರಬೇಕು. ದುಂಡಗೆ, ಒಣಗಿ, ತಿಳಿ ಕಂದು ಬಣ್ಣದಲ್ಲಿರಬೇಕು. ಒತ್ತಿದರೆ ಪುಡಿಯಾಗಿ, ಒಳಗೆ ಹುಲ್ಲಿನ ನಾರು ಕಾಣಬೇಕು. ಹಾಗಿದ್ದರೆ ರಾತ್ರಿಯೆಲ್ಲ ಬೆಣ್ಣೆ ಚೆನ್ನಾಗಿ ತಿಂದಿದ್ದಾಳೆ ಅಂತ ಅರ್ಥ. ಆಮೇಲೆ ಕಾಫಿ.

ಬೆಣ್ಣೆ ನಮ್ಮ ಮೊಲ. ಬಿಳಿ ಮೈ, ಕಂದು ಕಿವಿ, ತೂಕ 1.8 ಕಿಲೋ. ಹನುಮಂತನಗರದ ನಮ್ಮ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಬಾಲ್ಕನಿಯೂ, ನಡುಮನೆಯ ಅರ್ಧವೂ ಅವಳದ್ದು. ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ, ಅಂದರೆ ನನ್ನ ತಮ್ಮ, ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ತಂದ. ಅಂಗಡಿಯವರು ಅವನಿಗೆ ಹೇಳಿ ಕಳಿಸಿದ್ದು ಇಷ್ಟು: "ಕ್ಯಾರೆಟ್ ಹಾಕಿ, ಎಲೆಕೋಸು ಹಾಕಿ, ಬ್ರೆಡ್ ಕೊಟ್ರೂ ತಿನ್ನುತ್ತೆ. ನೀರು ಮಾತ್ರ ಇಡಬೇಡಿ, ಸೊಪ್ಪಲ್ಲೇ ನೀರಿರುತ್ತೆ."

ನಾವು ಅಷ್ಟನ್ನೂ ನಂಬಿದೆವು. ನೀರಿನ ವಿಷಯದಲ್ಲಿ ಮಾತ್ರ ನನಗೆ ಮನಸ್ಸು ಒಪ್ಪಲಿಲ್ಲ. ಮೂರನೇ ದಿನ ಒಂದು ಬಟ್ಟಲಲ್ಲಿ ನೀರಿಟ್ಟೆ. ಬೆಣ್ಣೆ ಬಂದು ಎಷ್ಟು ಹೊತ್ತು ಕುಡಿದಳು ಅಂದರೆ, ಅದನ್ನು ನೋಡುತ್ತಾ ನಿಂತವಳಿಗೆ ಕಣ್ಣಲ್ಲಿ ನೀರು ಬಂತು. ಮೊಲಕ್ಕೆ ನೀರು ಬೇಡ ಅನ್ನುವ ಮಾತು ನಮ್ಮೂರಲ್ಲಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಆದರೆ ಇವತ್ತಿಗೂ ಯಾರಾದರೂ ಒಬ್ಬರು ಅದನ್ನು ಹೇಳೇ ಹೇಳುತ್ತಾರೆ. ತನ್ನ ಗಾತ್ರಕ್ಕೆ ಹೋಲಿಸಿದರೆ ಮೊಲ ತುಂಬಾ ನೀರು ಕುಡಿಯುವ ಪ್ರಾಣಿ. ಬಾಟಲಿಯ ನಳಿಗೆಗಿಂತ ಬಟ್ಟಲಿನಲ್ಲಿ ಇಟ್ಟರೆ ಇನ್ನೂ ಚೆನ್ನಾಗಿ ಕುಡಿಯುತ್ತದೆ.

ಉಳಿದದ್ದರಲ್ಲಿ ನಾನು ತಪ್ಪು ಮಾಡಿದೆ. ಅದರ ಫಲ ಸಂಕ್ರಾಂತಿಯ ದಿನ ಕಂಡಿತು.

ಅವತ್ತು ಮನೆ ತುಂಬಾ ಜನ. ಎಳ್ಳು ಬೀರಲು ಬಂದ ಮಕ್ಕಳಿಗೆಲ್ಲ ಮೊಲ ನೋಡುವ ಆಸೆ. ಒಬ್ಬಳು ಒಂದು ಚೂರು ಬೆಲ್ಲ ಕೊಟ್ಟಳು. ಇನ್ನೊಬ್ಬ ಬಾಳೆಹಣ್ಣು. ಯಾರೋ ಹುರಿಗಡಲೆ, ಕಡಲೆಬೀಜ. ಅಡುಗೆಮನೆಯಲ್ಲಿ ಹಿತುಕಿದ ಬೇಳೆಗೆ ಅಂತ ಪೇಪರ್ ಹಾಸಿ ಅವರೆಕಾಯಿ ಬಿಡಿಸುತ್ತಿದ್ದೆವು. ಅದರ ಸಿಪ್ಪೆ, ಕಾಳು ಕೂಡ ಅವಳ ಮುಂದೆ ಬಿತ್ತು. ಬೆಣ್ಣೆ ಯಾವುದನ್ನೂ ಬೇಡ ಅನ್ನಲಿಲ್ಲ. ನಮಗೆಲ್ಲ ಖುಷಿ. ಹಬ್ಬದ ದಿನ ಮನೆಯ ಮೂಕ ಜೀವವೂ ಹೊಟ್ಟೆ ತುಂಬಾ ತಿಂತಲ್ಲ ಅಂತ ಅತ್ತೆ ಎರಡು ಸಲ ಹೇಳಿದರು.

ಮಾರನೇ ದಿನ ಬಾಲ್ಕನಿಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ.

ಬೆಣ್ಣೆ ಮೂಲೆಯಲ್ಲಿ ಮೈ ಮುದುಡಿಕೊಂಡು ಕೂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ಕೊತ್ತಂಬರಿ ಸೊಪ್ಪು ಮೂಗಿನ ಹತ್ತಿರ ಹಿಡಿದೆ. ಮುಖ ತಿರುಗಿಸಿದಳು. ಕಿವಿ ಮುಟ್ಟಿದರೆ ತಣ್ಣಗೆ. ಹಲ್ಲು ಕಡಿಯುವ ಸದ್ದು ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ತಲೆ ಸವರಿದಾಗ ಮೊಲ ಮೆಲ್ಲಗೆ ಹಲ್ಲು ಉಜ್ಜುತ್ತದೆ, ಅದು ಸುಖದ ಸದ್ದು. ಇದು ಅದಲ್ಲ. ಗಟ್ಟಿಯಾಗಿ, ಕಲ್ಲು ಅಗಿದ ಹಾಗಿತ್ತು. ನೋವಿಗೆ ಮೊಲ ಕೂಗುವುದು ತೀರಾ ಕಡಿಮೆ. ಹೀಗೆ ಹಲ್ಲು ಕಡಿಯುತ್ತದೆ ಅಷ್ಟೇ.

ಮನೆ ಹತ್ತಿರದ ಎರಡು ಕ್ಲಿನಿಕ್‌ಗಳಲ್ಲಿ ನಾಯಿ ಬೆಕ್ಕು ಮಾತ್ರ ನೋಡ್ತೀವಿ ಅಂದರು. ಕೊನೆಗೆ ಮೊಲ ನೋಡುವ ಡಾಕ್ಟರ್ ಒಬ್ಬರು ಸಿಕ್ಕಿದ್ದು ಸಹಕಾರನಗರದಲ್ಲಿ. ಹನುಮಂತನಗರದಿಂದ ಮೇಖ್ರಿ ಸರ್ಕಲ್ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಆಟೋದಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಅವಳ ಹೊಟ್ಟೆ ಏಳುವುದು ಇಳಿಯುವುದು ನೋಡುತ್ತಾ ಕೂತಿದ್ದೆ.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು. ಸ್ಟೆತಸ್ಕೋಪ್ ಇಟ್ಟು ಸುಮಾರು ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೇ ಕೊಟ್ಟು, "ಕೇಳಿ ಮೇಡಂ, ಏನಾದ್ರೂ ಕೇಳ್ಸುತ್ತಾ?" ಅಂದರು. ಏನೂ ಕೇಳಿಸಲಿಲ್ಲ. "ಮೊಲದ ಹೊಟ್ಟೆ ಯಾವಾಗ್ಲೂ ಗುಳುಗುಳು ಅಂತಿರಬೇಕು. ನಿಂತು ಹೋಗಿದೆ. 12 ಗಂಟೆ ಏನೂ ತಿನ್ನಲಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ಮೊಲ ವಾಂತಿ ಮಾಡೋಕಾಗಲ್ಲ, ಗೊತ್ತಲ್ವಾ? ಒಳಗೆ ಹೋಗಿದ್ದು ಮುಂದಕ್ಕೇ ಹೋಗಬೇಕು."

ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಸಾಕಿದ ಜೀವ ವಾಂತಿ ಮಾಡಲಾರದು ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಎಕ್ಸ್‌ರೇ ತೆಗೆದು, ಏನೂ ಅಡ್ಡ ಸಿಕ್ಕಿಕೊಂಡಿಲ್ಲ, ಬರೀ ಗಾಳಿ ತುಂಬಿದೆ ಅಂತ ಖಚಿತ ಮಾಡಿಕೊಂಡರು. ನೋವಿಗೆ ಇಂಜೆಕ್ಷನ್ ಕೊಟ್ಟರು. ಚರ್ಮದಡಿಗೆ ಸಲೈನ್ ಕೊಟ್ಟರು. ಹುಲ್ಲಿನ ಪುಡಿಯ ಒಂದು ಪೊಟ್ಟಣ ಕೊಟ್ಟು, ಬಿಸಿನೀರಲ್ಲಿ ಗಂಜಿಯ ಹಾಗೆ ಕಲೆಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕುಡಿಸಬೇಕು ಅಂದರು. ಇದನ್ನು ಡಾಕ್ಟರ್ ನೋಡದೆ ಮನೆಯಲ್ಲಿ ನಾವೇ ಶುರು ಮಾಡಬಾರದು. ಒಳಗೆ ಏನಾದರೂ ಅಡ್ಡ ಇದ್ದರೆ ಒತ್ತಾಯದಿಂದ ತಿನ್ನಿಸಿದ್ದೇ ಪ್ರಾಣಕ್ಕೆ ಬರುತ್ತದೆ.

ಎರಡು ರಾತ್ರಿ ಮೂರು ಗಂಟೆಗೊಮ್ಮೆ ಎದ್ದೆ. ಎರಡನೇ ರಾತ್ರಿ, ಹೆಚ್ಚುಕಡಿಮೆ ಮೂರು ಗಂಟೆ ಇರಬೇಕು. ನೆಲದ ಮೇಲೆ ಅವಳ ಪಕ್ಕ ಮಲಗಿದ್ದೆ. ಕತ್ತಲಲ್ಲಿ ಕರ್ ಕರ್ ಅಂತ ಸಣ್ಣ ಸದ್ದು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಬೆಣ್ಣೆಯ ಬಾಯಲ್ಲಿ ಒಂದು ಎಳೆ ಹುಲ್ಲು. ಒಂದು ತುದಿ ಬಾಯೊಳಗೆ, ಇನ್ನೊಂದು ತುದಿ ಮೇಲೆ ಕೆಳಗೆ ಕುಣಿಯುತ್ತಾ ಚಿಕ್ಕದಾಗುತ್ತಾ ಹೋಯಿತು. ಪೂರ್ತಿ ಒಳಗೆ ಹೋಗುವ ತನಕ ನಾನು ಉಸಿರು ಬಿಗಿಹಿಡಿದಿದ್ದೆ. ಬೆಳಗಿನ ಜಾವ ಮೂರು ಹಿಕ್ಕೆ ಬಿದ್ದಿತ್ತು, ಮೆಣಸಿನ ಕಾಳಿಗಿಂತ ಚಿಕ್ಕದು. ಮಗಳನ್ನು ಎಬ್ಬಿಸಿ ತೋರಿಸಿದೆ. ಅವಳು ಅದನ್ನು ಎಣಿಸಿ ಹೋಗಿ ಅಜ್ಜಿಗೆ ಹೇಳಿದಳು.

ಇನ್ನೊಂದು ತಪ್ಪು ಆಮೇಲೂ ಆಯಿತು. ಅದು ನಮ್ಮ ಮಾತಿನಿಂದ ಆದ ತಪ್ಪು. ಡಾಕ್ಟರ್ ಕಳಿಸುವಾಗ "ಇನ್ಮೇಲೆ ಒಣಹುಲ್ಲೇ ಮುಖ್ಯ, ಯಾವಾಗ್ಲೂ ಮುಂದೆ ಇರಬೇಕು" ಅಂದಿದ್ದರು. ಅವರೇ ಕೊಟ್ಟಿದ್ದ ಹುಲ್ಲು ನಾಲ್ಕು ದಿನಕ್ಕೆ ಮುಗಿಯಿತು. ನಮ್ಮವರು ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವವರ ಹತ್ತಿರ ಹೋಗಿ ಒಂದು ಹೊರೆ ರಾಗಿ ಹುಲ್ಲು ತಂದರು. ಬೆಣ್ಣೆ ಅದನ್ನು ಎಳೆದಾಡಿದಳು, ಅದರ ಮೇಲೆ ಮಲಗಿದಳು. ತಿಂದಿದ್ದು ತೀರಾ ಕಡಿಮೆ. ಮುಂದಿನ ಸಲ ಹೋದಾಗ ಡಾಕ್ಟರ್ ಬಿಡಿಸಿ ಹೇಳಿದರು. ರಾಗಿ, ಭತ್ತ ಕೊಯ್ದು ಕಾಳು ಬಡಿದ ಮೇಲೆ ಉಳಿಯುವ ಕಡ್ಡಿಯೇ ಬೇರೆ. ಹುಲ್ಲು ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ್ದೇ ಬೇರೆ. ಮೊದಲನೆಯದರಲ್ಲಿ ಸತ್ವ ಎಲ್ಲಾ ಕಾಳಿಗೆ ಹೋಗಿರುತ್ತದೆ. ಅದು ಮೊಲಕ್ಕೆ ಹಾಸಿಗೆಗೆ ಸರಿ, ಊಟಕ್ಕೆ ಅಲ್ಲ. ಇಂಗ್ಲಿಷ್‌ನಲ್ಲಿ ಒಂದು ಸ್ಟ್ರಾ, ಇನ್ನೊಂದು ಹೇ. ನಮಗೆ ಎರಡೂ ಒಣಹುಲ್ಲೇ, ಅಲ್ವಾ? ಕನ್ನಡದಲ್ಲಿ ಮೊಲ ಸಾಕುವವರಿಗೆ ಏನಾದರೂ ಹೇಳುವುದಿದ್ದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಮೂಸಿ ನೋಡಿ. ಹಸಿರು ಛಾಯೆ, ಒಣಗಿದ ಹುಲ್ಲುಗಾವಲಿನ ಘಮ ಇರಬೇಕು. ಹಳದಿ ಕಡ್ಡಿ ಬೇಡ.

ಮೊಲ ಅನ್ನುವ ಪದದಲ್ಲೂ ಇದೇ ತೊಡಕಿದೆ. ನಮ್ಮ ಹೊಲ, ಕುರುಚಲು ಕಾಡಲ್ಲಿ ಛಂಗನೆ ಹಾರಿ ಹೋಗುವ ಮೊಲ ಬೇರೆ ಜಾತಿ. ಅದು ಕಾಡುಪ್ರಾಣಿ, ಹಿಡಿಯುವುದು, ಸಾಕುವುದು ಕಾನೂನಿಗೆ ವಿರುದ್ಧ. ಮನೆಯಲ್ಲಿ ಸಾಕುವ ಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಹುಲ್ಲು ಬಯಲು. ಅಲ್ಲಿ ಬಿಲ ತೋಡಿಕೊಂಡು, ದಿನದ ಎಷ್ಟೋ ಗಂಟೆ ಒರಟು ಹುಲ್ಲು ಕಡಿಯುತ್ತಾ ಬದುಕಿದ ಪ್ರಾಣಿ. ಇವತ್ತಿಗೂ ಅವಳ ಹಲ್ಲೂ ಹೊಟ್ಟೆಯೂ ಅದಕ್ಕೇ ಹೊಂದಿಕೊಂಡಿವೆ.

ಹಲ್ಲಿನ ವಿಷಯ ಕೇಳಿ. ಮೊಲಕ್ಕೆ 28 ಹಲ್ಲು, ಅಷ್ಟೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್. ಹುಲ್ಲನ್ನು ಅಕ್ಕಪಕ್ಕಕ್ಕೆ ಅರೆಯುವಾಗ ಅವು ಸವೆಯುತ್ತವೆ. ಬ್ರೆಡ್, ಹಣ್ಣು ತಿಂದರೆ ಆ ಅರೆತ ಇರುವುದಿಲ್ಲ. ದವಡೆ ಹಲ್ಲು ಚೂಪಾಗಿ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತವೆ. ಆಮೇಲೆ ಹಸಿವಿದ್ದರೂ ತಿನ್ನಲಾಗುವುದಿಲ್ಲ.

ಹೊಟ್ಟೆಯದ್ದು ಇನ್ನೂ ಸೂಕ್ಷ್ಮ. ಹುಲ್ಲಿನ ಉದ್ದ ನಾರು ಕರುಳನ್ನು ಮುಂದಕ್ಕೆ ದೂಡುತ್ತಾ ಇರುತ್ತದೆ. ಆ ನಾರೇ ಹಿಕ್ಕೆಯಾಗಿ ಹೊರಗೆ ಬರುತ್ತದೆ. ನುಣ್ಣಗಿನ ಭಾಗ ಸೀಕಮ್ ಅನ್ನುವ ದೊಡ್ಡ ಚೀಲದೊಳಗೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗುತ್ತದೆ. ನಮ್ಮ ದೋಸೆ ಹಿಟ್ಟು ಹುಳಿ ಬರುವ ಹಾಗೆ ಅಂದುಕೊಳ್ಳಿ. ಅಲ್ಲಿಗೆ ಬೆಲ್ಲ, ಬಾಳೆಹಣ್ಣು, ಬಿಸ್ಕತ್ತು ಜಾಸ್ತಿ ಹೋದರೆ ಬೇಡದ ಜೀವಿಗಳು ಹೆಚ್ಚುತ್ತವೆ, ಗಾಳಿ ತುಂಬುತ್ತದೆ, ನೋವಾಗುತ್ತದೆ. ನೋವಿಗೆ ತಿನ್ನುವುದು ನಿಲ್ಲುತ್ತದೆ. ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಆಗಿದ್ದು ಇದೇ.

ಅಂದರೆ ಮೊಲದ ಊಟದಲ್ಲಿ ನೂರಕ್ಕೆ 80 ಭಾಗದಷ್ಟು ಹುಲ್ಲೇ ಇರಬೇಕು. ದಿನಕ್ಕೆ ಅವಳ ಮೈಯಷ್ಟೇ ದೊಡ್ಡ ರಾಶಿ. ಅಂಗಡಿಯಲ್ಲಿ ಸಿಗುವುದು ತಿಮೊಥಿ ಹುಲ್ಲು. ತಣ್ಣನೆ ದೇಶಗಳಲ್ಲಿ ಬೆಳೆದು ಹಡಗಲ್ಲಿ ಬರುತ್ತದೆ. ಕಿಲೋ ಲೆಕ್ಕದಲ್ಲಿ ಸೋನಾ ಮಸೂರಿ ಅಕ್ಕಿಗಿಂತ ಎಷ್ಟೋ ಪಟ್ಟು ದುಬಾರಿ. ಒಳ್ಳೆಯದೇ, ನಾವೂ ತರುತ್ತೇವೆ. ಆದರೆ ಅದೊಂದನ್ನೇ ನೆಚ್ಚಿಕೊಳ್ಳುವುದು ನಮ್ಮಂಥ ಮನೆಗೆ ಕಷ್ಟ.

ನಮ್ಮ ಕೈಹಿಡಿದಿದ್ದು ಗರಿಕೆ. ಗಣೇಶನಿಗೆ ಏರಿಸುವ ಅದೇ ಗರಿಕೆ ಹುಲ್ಲು. ಗಾಂಧಿ ಬಜಾರಿನಲ್ಲಿ ಹೂ ಮಾರುವವರ ಹತ್ತಿರ ವರ್ಷವಿಡೀ ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಕೆ.ಆರ್. ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಇನ್ನೂ ಕಡಿಮೆಗೆ ಸಿಗುತ್ತದೆ. ಹಸಿಯಾಗಿಯೂ ಕೊಡಬಹುದು, ಒಣಗಿಸಿಯೂ ಕೊಡಬಹುದು. ಎಲ್ಲಿ ಕಿತ್ತಿದ್ದೋ ನಮಗೆ ಗೊತ್ತಿರುವುದಿಲ್ಲವಾದ್ದರಿಂದ ಎರಡು ಮೂರು ನೀರಲ್ಲಿ ತೊಳೆದು, ಬೇರು ಕತ್ತರಿಸಿ, ಬಟ್ಟೆಯ ಮೇಲೆ ಹರಡುತ್ತೇನೆ. ಪಾರ್ಕಿನ ಹುಲ್ಲು, ರಸ್ತೆ ಪಕ್ಕದ ಹುಲ್ಲು ನಾನು ತರುವುದಿಲ್ಲ. ಔಷಧಿ ಹೊಡೆದಿರುತ್ತಾರೆ, ನಾಯಿಗಳು ಓಡಾಡಿರುತ್ತವೆ. ಮೆಷಿನ್ನಲ್ಲಿ ಕತ್ತರಿಸಿ ಗುಡ್ಡೆ ಹಾಕಿದ ಲಾನ್ ಹುಲ್ಲಂತೂ ಬೇಡವೇ ಬೇಡ. ಒಳಗೊಳಗೇ ಬೆಚ್ಚಗಾಗಿ ಹುದುಗಿರುತ್ತದೆ.

ಇಷ್ಟೆಲ್ಲ ನನಗೆ ಅರ್ಥವಾಯಿತು. ಅತ್ತೆಗೆ ಹೇಳುವುದೇ ಕಷ್ಟವಾಗಿತ್ತು.

ಅತ್ತೆ ತಿಪಟೂರಿನ ಕಡೆಯವರು. ಅವರ ಪ್ರೀತಿ ಎಲ್ಲಾ ಬಡಿಸುವುದರಲ್ಲೇ. ಬಂದವರಿಗೆ "ಇನ್ನೊಂದು ಚೂರು ಹಾಕ್ಕೊಳಿ" ಅನ್ನದೇ ಅವರಿಗೆ ಸಮಾಧಾನ ಇಲ್ಲ. ಅವರ ಕಣ್ಣಿಗೆ ನಾನು ಬೆಣ್ಣೆಗೆ ಉಪವಾಸ ಹಾಕುತ್ತಿದ್ದೆ. "ಬರೀ ಹುಲ್ಲು ಹಾಕೋಕೆ ಅದೇನು ದನಾನಾ? ಪಾಪ, ಬಾಯಿ ಇಲ್ಲದ್ದು ಕಣಮ್ಮಾ, ಏನಾದ್ರೂ ರುಚಿಯಾಗಿರೋದು ಕೊಡು." ನಾನು ಆಫೀಸಿಗೆ ಹೋದ ಮೇಲೆ ಕ್ಯಾರೆಟ್ ಕೊಡುತ್ತಿದ್ದರು. ಕಿತ್ತಳೆ ಬಣ್ಣದ ಮೂತಿ ನೋಡಿದರೆ ಗೊತ್ತಾಗುತ್ತಿತ್ತು. ನಾನು ಜಗಳ ಆಡಲಿಲ್ಲ. ಅದು ಅಕ್ಕರೆಯಿಂದ ಕೊಟ್ಟಿದ್ದು ಅಂತ ಗೊತ್ತಿತ್ತು. ಕ್ಯಾರೆಟ್ ವಿಷಯಕ್ಕೆ ಬಂದರೆ ಊರಿನವರೆಲ್ಲರದ್ದೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕ್ಯಾರೆಟ್ಟಿನ ಗೆಡ್ಡೆಯಲ್ಲಿ ಸಕ್ಕರೆ ಜಾಸ್ತಿ. ಹೆಬ್ಬೆರಳಿನ ಉಗುರಿನಷ್ಟು ಚೂರು, ವಾರಕ್ಕೆ ಒಂದೆರಡು ಸಲ ಸಾಕು. ಅದರ ಮೇಲಿನ ಸೊಪ್ಪಿದೆಯಲ್ಲ, ನಾವು ಅಂಗಡಿಯಲ್ಲೇ ಕಿತ್ತು ಬಿಸಾಡಿಸುತ್ತೇವಲ್ಲ, ಮೊಲಕ್ಕೆ ಬೇಕಾದ್ದು ಅದು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಗಾಬರಿಯಾಗಿ ಕೂಗಿದರು. "ಬಾಮ್ಮಾ ಇಲ್ಲಿ! ಹೊಟ್ಟೆಗೆ ಸಾಲ್ದೆ ತನ್ನ ಹಿಕ್ಕೆ ತಾನೇ ತಿಂತಿದೆ ನೋಡು!" ಬೆಣ್ಣೆ ತಲೆ ಬಗ್ಗಿಸಿ, ತನ್ನ ಹಿಂಭಾಗದಿಂದಲೇ ಏನನ್ನೋ ಬಾಯಿಗೆ ತಗೊಂಡು ಅಗಿಯುತ್ತಿದ್ದಳು. ಅತ್ತೆಯ ಕಣ್ಣು ತುಂಬಿತ್ತು.

ಪಕ್ಕದಲ್ಲಿ ಕೂತು ಹೇಳಿದೆ. ಅದು ನಾವು ಗುಡಿಸುವ ಹಿಕ್ಕೆ ಅಲ್ಲ ಅತ್ತೆ. ಮೆತ್ತಗೆ, ಹೊಳೆಯುತ್ತಾ, ಚಿಕ್ಕ ದ್ರಾಕ್ಷಿ ಗೊಂಚಲಿನ ಹಾಗಿರುತ್ತೆ. ಒಂದು ಸಲ ತಿಂದ ಹುಲ್ಲಿನಲ್ಲಿ ಸತ್ವ ಪೂರ್ತಿ ಸಿಗಲ್ಲ. ಅದಕ್ಕೆ ಒಳಗೆ ಹುದುಗಿದ್ದನ್ನ ಇನ್ನೊಂದು ಸಲ ಒಳಗೆ ತಗೊಳುತ್ತೆ. ಬಿ ವಿಟಮಿನ್, ಪ್ರೋಟೀನು ಎಲ್ಲಾ ಅದರಲ್ಲಿರುತ್ತೆ. ತಿನ್ನದೇ ಬಿಟ್ಟರೇನೇ ನಾವು ಯೋಚನೆ ಮಾಡಬೇಕು.

ಅತ್ತೆ ಸ್ವಲ್ಪ ಹೊತ್ತು ಬೆಣ್ಣೆಯನ್ನೇ ನೋಡಿದರು. ಚಿಕ್ಕಂದಿನಿಂದ ಕೊಟ್ಟಿಗೆಯಲ್ಲಿ ಬೆಳೆದವರು ಅವರು. "ಅಂದ್ರೆ ಮೆಲುಕು ಹಾಕೋ ಥರ ಅನ್ನು," ಅಂದರು. "ಹಸು ಬಾಯಿಗೆ ತಂದ್ಕೊಳುತ್ತೆ, ಇದು ಈ ಕಡೆಯಿಂದ." ಆಮೇಲೆ ನನಗೇ ಪಾಠ ಹೇಳಿದರು. ಮೆಲುಕು ನಿಂತ ಹಸು ಅಂದರೆ ಮನೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲವಂತೆ. ಎಳೆ ಹುಲ್ಲು ಒಂದೇ ಸಲ ಜಾಸ್ತಿ ಮೇಯ್ದರೆ ಹೊಟ್ಟೆ ಉಬ್ಬರಿಸುತ್ತೆ, ಒಣಹುಲ್ಲಿನ ಜೊತೆ ಬೆರೆಸಿ ಹಾಕಬೇಕು ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ನಾನು ಡಾಕ್ಟರ್ ಹತ್ತಿರ ದುಡ್ಡು ಕೊಟ್ಟು ಕಲಿತದ್ದರ ಅರ್ಧ ಅವರಿಗೆ ಮೊದಲೇ ಗೊತ್ತಿತ್ತು. ಹಸುವಿನ ಲೆಕ್ಕದಲ್ಲಿ ಗೊತ್ತಿತ್ತು, ಅಷ್ಟೇ. ನಾನು ಕೇಳಿರಲಿಲ್ಲ.

ಅವತ್ತಿನಿಂದ ಗರಿಕೆ ಅವರ ಜವಾಬ್ದಾರಿ. ಮಾರ್ಚ್ ತಿಂಗಳಲ್ಲಿ ತಾರಸಿಯ ಮೇಲೆ ಸಂಡಿಗೆ ಇಡುವಾಗ ಪಕ್ಕದಲ್ಲೇ ಹಳೇ ಕಾಟನ್ ಸೀರೆ ಹಾಸಿ, ನೀರಿನ ಟ್ಯಾಂಕಿನ ನೆರಳಲ್ಲಿ ಗರಿಕೆ ಹರಡುತ್ತಾರೆ. ಸುಡು ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ಬೆಳ್ಳಗಾಗುತ್ತದೆ. ನೆರಳಲ್ಲಿ ಗಾಳಿಯಾಡಿ ಒಣಗಿದರೆ ಘಮ ಉಳಿಯುತ್ತದೆ. ದಿನಕ್ಕೆ ಎರಡು ಸಲ ಕೈಯಾಡಿಸಿ ತಿರುವುತ್ತಾರೆ. ಹಿಂಡಿದರೆ ಸರಸರ ಅನ್ನಬೇಕು, ಆಗ ಬಟ್ಟೆಯ ಚೀಲಕ್ಕೆ. ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಬೇಕು. ಒಂದು ಜೂನಿನಲ್ಲಿ ಅರ್ಧ ಚೀಲಕ್ಕೆ ಬೂಸಲು ಬಂತು. ಅತ್ತೆ ಒಂದು ಎಳೆಯನ್ನೂ ಉಳಿಸಿಕೊಳ್ಳದೆ ಎಲ್ಲಾ ಬಿಸಾಡಿದರು. ಅನ್ನದ ಅಗುಳನ್ನೂ ಬಿಸಾಡದ ಕೈ ಅದು.

ಸೊಪ್ಪು ದಿನಕ್ಕೆ ಎರಡು ಹಿಡಿ. ನಮ್ಮ ಬೀದಿಗೆ ತಳ್ಳುವ ಗಾಡಿಯಲ್ಲಿ ಬರುವ ಸೊಪ್ಪಿನ ಅಜ್ಜಿ ಈಗ ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆ, ಕ್ಯಾರೆಟ್ ಸೊಪ್ಪು ಎತ್ತಿಟ್ಟಿರುತ್ತಾರೆ. "ಮೊಲದಮ್ಮಾ, ತಗೋ" ಅಂತ ದುಡ್ಡಿಲ್ಲದೆ ಕೊಡುತ್ತಾರೆ. ಕೊತ್ತಂಬರಿ, ಪುದೀನ ಬೆಣ್ಣೆಗೆ ಪ್ರಾಣ. ಪಾಲಕ್, ದಂಟು ದಿನಾ ಬೇಡ, ಆಗೊಮ್ಮೆ ಈಗೊಮ್ಮೆ ಸಾಕು. ಹೊಸ ಸೊಪ್ಪು ಯಾವುದೇ ಆದರೂ ಒಂದು ಸಲಕ್ಕೆ ಒಂದೇ, ಅದೂ ಎರಡೇ ಎಲೆ. ಮಾರನೇ ದಿನ ಹಿಕ್ಕೆ ಸರಿಯಿದ್ದರೆ ಮುಂದುವರಿಸುವುದು. ಬೆಂಗಳೂರಿನ ಸೊಪ್ಪು ಎಂಥ ನೀರಲ್ಲಿ ಬೆಳೆದಿರುತ್ತದೋ ಹೇಳಲಾಗುವುದಿಲ್ಲ. ನಮಗೆ ತೊಳೆಯುವುದಕ್ಕಿಂತ ಒಂದು ಸಲ ಜಾಸ್ತಿಯೇ ತೊಳೆಯುತ್ತೇನೆ.

ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮೊಲಗಳಿಗೆ ತುಂಬಾ ಇಷ್ಟ. ಆರು ತಿಂಗಳ ಒಳಗಿನ ಮರಿಗೆ ಒಳ್ಳೆಯದು ಕೂಡ. ಬೆಳೆದ ಮೊಲಕ್ಕೆ ದಿನವೂ ಅದೇ ಆದರೆ ಸುಣ್ಣದಂಶ ಜಾಸ್ತಿಯಾಗುತ್ತದೆ. ನಾವು ತಿಂದ ಕ್ಯಾಲ್ಸಿಯಂ ಬೇಕಾದಷ್ಟೇ ಮೈಗೆ ಹಿಡಿಯುತ್ತದೆ. ಮೊಲಕ್ಕೆ ಹಾಗಲ್ಲ, ತಿಂದದ್ದರಲ್ಲಿ ಹೆಚ್ಚು ಪಾಲು ರಕ್ತಕ್ಕೆ ಹೋಗಿ, ಮಿಕ್ಕಿದ್ದು ಮೂತ್ರದಲ್ಲಿ ಬರುತ್ತದೆ. ಮೂತ್ರ ಒಣಗಿದ ಜಾಗದಲ್ಲಿ ದಪ್ಪ ಬಿಳಿ ಸುಣ್ಣ ಕಂಡರೆ ಡಾಕ್ಟರಿಗೆ ಹೇಳಬೇಕು.

ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಮೊಲದ ಆಹಾರದ ಗುಳಿಗೆ, ದಿನಕ್ಕೆ ಎರಡು ಚಮಚ, ಅಷ್ಟೇ. ಕಂದು ಬಣ್ಣದ, ಒಂದೇ ಥರ ಇರುವ, ನಾರು ಜಾಸ್ತಿ ಇರುವ ಪೆಲೆಟ್. ಜೋಳ, ಸೂರ್ಯಕಾಂತಿ ಬೀಜ, ಬಣ್ಣದ ಚೂರು ಬೆರೆಸಿದ ಪ್ಯಾಕೆಟ್ ನೋಡುವುದಕ್ಕೆ ಚೆಂದ. ಮೊಲ ಅದರಲ್ಲಿ ಸಿಹಿಯಾದ್ದನ್ನು ಮಾತ್ರ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ.

ಕೊಡಲೇಬಾರದ್ದನ್ನು ಮಗಳು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಆಲೂಗಡ್ಡೆ, ಟೊಮೇಟೊ ಗಿಡದ ಎಲೆ, ಸೇಬಿನ ಬೀಜ. ಬಾಲ್ಕನಿಯ ಮನಿ ಪ್ಲಾಂಟ್ ಪಕ್ಕದ ಮನೆಗೆ ಹೋಯಿತು. ಕೆಳಗಿನ ಮನೆಯವರ ಕಣಗಿಲೆ ಗಿಡದ ಎಲೆ ಗಾಳಿಗೆ ಹಾರಿ ಬಂದರೆ ಓಡಿ ಹೋಗಿ ತೆಗೆಯುತ್ತೇವೆ. ಪಟ್ಟಿಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ "ಬೆಣ್ಣೆಗೆ ಬೆಣ್ಣೆಹಣ್ಣು ಕೊಡಬಾರದು" ಅಂತಿದೆ. ಅದು ಮೊಲಕ್ಕೆ ನಿಜವಾಗಿಯೂ ವಿಷ. ನಾವು ಜ್ಯೂಸ್ ಮಾಡಿಕೊಂಡ ದಿನ ಸಿಪ್ಪೆಯನ್ನು ತಕ್ಷಣ ಹೊರಗಿನ ಡಬ್ಬಿಗೆ ಹಾಕುತ್ತೇವೆ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತಲ್ಲ, ಆಗ ಇನ್ನೊಂದು ವಿಷಯ ಕಲಿತೆ. ಸೆಕೆಗೆ ಮೊಲ ಮೊದಲು ಬಿಡುವುದು ಹುಲ್ಲನ್ನೇ. ತೊಳೆದ ಸೊಪ್ಪನ್ನು ನೀರು ಸೋರುವ ಹಾಗೇ ಕೊಟ್ಟು, ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ. ಅದಕ್ಕೆ ಒರಗಿಕೊಂಡು ಮಲಗುತ್ತಿದ್ದಳು. ಸಂಜೆ ತಂಪಾದ ಮೇಲೆ ಮತ್ತೆ ಹುಲ್ಲಿನ ಬುಟ್ಟಿಗೆ ಮೂತಿ ಹಾಕುತ್ತಿದ್ದಳು.

ಸಂಕ್ರಾಂತಿ ಮತ್ತೆ ಬಂತು, ಹೋಯಿತು. ಎಳ್ಳು ಬೀರಲು ಬಂದ ಮಕ್ಕಳ ಕೈಗೆ ಅತ್ತೆ ಒಂದೊಂದು ಎಸಳು ಕೊತ್ತಂಬರಿ ಕೊಟ್ಟು ಬಾಲ್ಕನಿಗೆ ಕಳಿಸಿದರು. ಬೆಲ್ಲ ಹಿಡಿದು ಬಂದ ಹುಡುಗನಿಗೆ "ಅದು ನಿಂಗೆ ಕಂದಾ, ಇದು ಅದಕ್ಕೆ" ಅಂದರು.

ಈಗ ಅತ್ತೆ ತಂಗಿಯ ಮೊಮ್ಮಗಳ ಮದುವೆಗೆ ಅಂತ ತಿಪಟೂರಿಗೆ ಹೋಗಿದ್ದಾರೆ. ಹೋಗುವ ಮುಂಚೆ ಎರಡು ಚೀಲ ಗರಿಕೆ ಒಣಗಿಸಿ ಕಟ್ಟಿಟ್ಟು ಹೋದರು. ಇವತ್ತು ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂತು. ಹಿಂದೆ ನಾದಸ್ವರ ಜೋರಾಗಿ ಕೇಳುತ್ತಿತ್ತು. "ಹಿಕ್ಕೆ ಹೇಗಿದೆಯಮ್ಮಾ?" ಅಂತ ಕೂಗಿ ಕೇಳಿದರು.

"ದಪ್ಪಗಿದೆ ಅತ್ತೆ. ಒಣಗಿದೆ."

"ಹಾಗಾದ್ರೆ ಸರಿ. ಮುಹೂರ್ತಕ್ಕೆ ಹೊತ್ತಾಯ್ತು, ಇಡ್ತೀನಿ."